ಸಣ್ಣ ವಿಮಾನಗಳಲ್ಲಿ ಪೈಲಟ್ ಪ್ರಾವೀಣ್ಯ ಮತ್ತು ಸನ್ನಿವೇಶದ ಅರಿವು

ಪೈಲಟ್ ಪ್ರಾವೀಣ್ಯವೆಂದರೆ ವಿಮಾನವನ್ನು ಇವತ್ತು, ಇವತ್ತಿನ ಹವೆಯಲ್ಲಿ, ಎದುರಿಗಿರುವ ಈ ರನ್‌ವೇಯಿಂದ ಎತ್ತಿ ಮತ್ತೆ ಸುರಕ್ಷಿತವಾಗಿ ಇಳಿಸಬಲ್ಲ ಸಾಮರ್ಥ್ಯ. ಪರವಾನಗಿ ಕೈಗೆ ಬಂದ ದಿನದ ಸಾಮರ್ಥ್ಯವೇ ಬೇರೆ, ಇದೇ ಬೇರೆ. ತಾನು ಎಲ್ಲಿದ್ದೇನೆ, ಸುತ್ತ ಏನಿದೆ, ವಿಮಾನ ಯಾವ ಸ್ಥಿತಿಯಲ್ಲಿದೆ, ಇನ್ನೆರಡು ನಿಮಿಷದಲ್ಲಿ ಏನಾದೀತು ಎಂಬ ಚಿತ್ರ ಪೈಲಟ್‌ನ ಮನಸ್ಸಿನಲ್ಲಿ ಕ್ಷಣಕ್ಷಣಕ್ಕೂ ಹೊಸದಾಗುತ್ತಿರುವುದೇ ಸನ್ನಿವೇಶದ ಅರಿವು. ಅಮೆರಿಕದ ಎಂಜಿನಿಯರ್ ಮೀಕಾ ಎಂಡ್ಸ್ಲಿ 1995ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಅರಿವಿಗೆ ಮೂರು ಹಂತಗಳನ್ನು ಗುರುತಿಸಿದರು: ಕಾಣುವುದು, ಕಂಡದ್ದನ್ನು ಅರ್ಥ ಮಾಡಿಕೊಳ್ಳುವುದು, ಮುಂದಾಗುವುದನ್ನು ಅಂದಾಜು ಮಾಡುವುದು. ಇಂಧನದ ಮುಳ್ಳು ಕಾಲು ಭಾಗಕ್ಕೆ ಇಳಿದಿದೆ ಎಂದು ನೋಡುವುದು ಮೊದಲನೆಯದು. ಎದುರುಗಾಳಿಯಿಂದಾಗಿ ಲೆಕ್ಕಕ್ಕಿಂತ ಹೆಚ್ಚು ಖರ್ಚಾಗಿದೆ ಎಂದು ಹೊಳೆಯುವುದು ಎರಡನೆಯದು. ಹೀಗೇ ಹೋದರೆ ಊರು ಮುಟ್ಟುವುದಿಲ್ಲ, ನಡುವಿನ ಏರ್‌ಸ್ಟ್ರಿಪ್‌ನಲ್ಲೇ ಇಳಿಯಬೇಕು ಎಂದು ಈಗಲೇ ತೀರ್ಮಾನಿಸಲು ಬೇಕಾದದ್ದು ಮೂರನೆಯದು.

ಪಠ್ಯಪುಸ್ತಕಗಳು ಪ್ರಾವೀಣ್ಯ ಮತ್ತು ಅರಿವನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಹೇಳುತ್ತವೆ. ಆಕಾಶದಲ್ಲಿ ಅವು ಬೇರೆಯಲ್ಲ. ಕೈ ಪಳಗದ ಪೈಲಟ್‌ನ ಗಮನವೆಲ್ಲ ವಿಮಾನವನ್ನು ನೇರವಾಗಿಡುವುದರಲ್ಲೇ ಖರ್ಚಾಗುತ್ತದೆ. ಸುತ್ತ ನೋಡಲು, ರೇಡಿಯೊ ಕೇಳಲು, ಯೋಚಿಸಲು ಏನೂ ಉಳಿಯುವುದಿಲ್ಲ. ದೊಡ್ಡ ವಿಮಾನದಲ್ಲಿ ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇರುತ್ತಾನೆ, ನೆಲದ ಮೇಲೆ ಹಾರಾಟದ ಯೋಜನೆ ನೋಡಿಕೊಳ್ಳುವ ಡಿಸ್ಪ್ಯಾಚರ್ ಇರುತ್ತಾನೆ, ಗುಡ್ಡ ಹತ್ತಿರವಾದರೆ ಕೂಗಿ ಹೇಳುವ ಯಂತ್ರ ಇರುತ್ತದೆ. ಸೆಸ್ನಾ 152ರಲ್ಲಿ ಇವೆಲ್ಲದರ ಕೆಲಸವನ್ನು ಒಬ್ಬರೇ ಮಾಡಬೇಕು. ಸಣ್ಣ ವಿಮಾನದಲ್ಲಿ ಈ ವಿಷಯಕ್ಕೆ ಇಷ್ಟು ಮಹತ್ವ ಬಂದಿರುವುದು ಆ ಕಾರಣಕ್ಕೆ.

ನಾಸಿಕ್–ಸಂಭಾಜಿನಗರದ ಆಕಾಶ

ಮಹಾರಾಷ್ಟ್ರದ ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರದ ನಡುವಿನ ಆಕಾಶ ಈ ವಿಷಯಕ್ಕೆ ಒಳ್ಳೆಯ ಉದಾಹರಣೆ. ನಾಸಿಕ್‌ನ ಓಝರ್ ವಿಮಾನ ನಿಲ್ದಾಣದಿಂದ ಸಂಭಾಜಿನಗರದ ಚಿಕಲಠಾಣಾ ನಿಲ್ದಾಣಕ್ಕೆ ನೇರ ಗೆರೆಯಲ್ಲಿ ಸುಮಾರು 85 ನಾಟಿಕಲ್ ಮೈಲು, ಅಂದರೆ 158 ಕಿಲೋಮೀಟರ್‌ನಷ್ಟು ದೂರ. ನೂರು ನಾಟ್ ವೇಗದ ತರಬೇತಿ ವಿಮಾನಕ್ಕೆ ಐವತ್ತು ನಿಮಿಷದ ದಾರಿ. ಅಷ್ಟರೊಳಗೆ ಪೈಲಟ್ ಎದುರಿಸಬೇಕಾದದ್ದು ಬಹಳ.

ಓಝರ್‌ನಲ್ಲಿ ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಕಾರ್ಖಾನೆ ಇದೆ. ಮಿಗ್–21 ತಯಾರಿಗೆಂದು 1964ರಲ್ಲಿ ಆರಂಭವಾದ ಈ ಕಾರ್ಖಾನೆಯಲ್ಲಿ ಮುಂದೆ ಸುಖೋಯ್–30 ತಯಾರಾಯಿತು. 2025ರ ಅಕ್ಟೋಬರ್ 17ರಂದು ನಾಸಿಕ್‌ನಲ್ಲಿ ಕಟ್ಟಿದ ಮೊದಲ ತೇಜಸ್ ಮಾರ್ಕ್–1ಎ ಹಾರಿತು. ಅದೇ ರನ್‌ವೇಯನ್ನು ಪ್ರಯಾಣಿಕರ ವಿಮಾನಗಳೂ ಬಳಸುತ್ತವೆ. ಊರಿನ ಇನ್ನೊಂದು ಬದಿ ಗಾಂಧಿನಗರದಲ್ಲಿ ಸೇನೆಯ ಹೆಲಿಕಾಪ್ಟರ್ ಪೈಲಟ್‌ಗಳ ಶಾಲೆ. ದೇವಳಾಲಿಯಲ್ಲಿ ಫಿರಂಗಿ ದಳದ ಶಾಲೆ ಮತ್ತು ಗುಂಡು ಹಾರಿಸುವ ಬಯಲು. ಯುದ್ಧವಿಮಾನದ ಪರೀಕ್ಷಾ ಹಾರಾಟ, ಕಲಿಯುವವರ ಹೆಲಿಕಾಪ್ಟರ್, ಜೆಟ್ ವಿಮಾನ, ಫಿರಂಗಿ ಗುಂಡು ಎಲ್ಲಕ್ಕೂ ಆಕಾಶದ ಒಂದೊಂದು ತುಂಡನ್ನು ಗೊತ್ತುಮಾಡಿದ್ದಾರೆ. ಹೊರಡುವ ಮುನ್ನ ನೋಟಾಮ್, ಅಂದರೆ ಪೈಲಟ್‌ಗಳಿಗೆಂದು ಹೊರಡಿಸುವ ಎಚ್ಚರಿಕೆಯ ಸೂಚನೆ, ಓದದೆ ಬರುವ ಪೈಲಟ್‌ಗೆ ಇಲ್ಲಿ ಕಣ್ಣೆದುರಿನ ಖಾಲಿ ಆಕಾಶವೇ ಮೋಸ ಮಾಡುತ್ತದೆ.

ಪಶ್ಚಿಮಕ್ಕೆ ಸಹ್ಯಾದ್ರಿ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ 1,646 ಮೀಟರ್, ಅಂದರೆ 5,400 ಅಡಿ; ಎರಡನೆಯದಾದ ಸಾಲ್ಹೇರ್ ನಾಸಿಕ್ ಜಿಲ್ಲೆಯಲ್ಲೇ ಇದೆ, 1,567 ಮೀಟರ್. ಮಳೆಗಾಲದಲ್ಲಿ ಇಗತ್‌ಪುರಿಯ ಘಟ್ಟ ದಿನಗಟ್ಟಲೆ ಮೋಡದೊಳಗೆ ಮುಳುಗಿರುತ್ತದೆ. ಪೂರ್ವಕ್ಕೆ ಸರಿದಂತೆ ಮಳೆನೆರಳಿನ ಸೀಮೆ. ಸಂಭಾಜಿನಗರದಲ್ಲಿ ಬಿಸಿಲು ಕಂಡು ಹೊರಟವರಿಗೆ ಗಂಟೆಯೊಳಗೆ ನಾಸಿಕ್‌ನ ಆಚೆ ಗೋಡೆಯಂಥ ಮೋಡ ಎದುರಾಗಬಹುದು. ಪಶ್ಚಿಮ ಘಟ್ಟ ದಾಟಿ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಿಬರುವ ಕನ್ನಡಿಗರಿಗೆ ಈ ಹವೆಯ ಸ್ವಭಾವವನ್ನು ವಿವರಿಸಬೇಕಾಗಿಲ್ಲ.

ದಾರಿಯಲ್ಲಿ ನೆಲದ ಗುರುತುಗಳಿಗೆ ಕೊರತೆಯಿಲ್ಲ. ಗೋದಾವರಿ, ಪೈಠಣದ ಜಾಯಕವಾಡಿ ಜಲಾಶಯದ ವಿಶಾಲ ನೀರು, ಮುಂಬೈ–ನಾಗಪುರ ಸಮೃದ್ಧಿ ಮಹಾಮಾರ್ಗದ 701 ಕಿಲೋಮೀಟರ್ ಉದ್ದದ ನೇರ ಗೆರೆ, ಬಯಲಿನಲ್ಲಿ ಒಂಟಿಯಾಗಿ ಎದ್ದು ನಿಂತ ದೇವಗಿರಿಯ ಗುಡ್ಡ. ಅದರ ಹತ್ತಿರದಲ್ಲೇ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣ ಎಂಟನೆಯ ಶತಮಾನದಲ್ಲಿ ಕಡೆಸಿದ ಎಲ್ಲೋರದ ಕೈಲಾಸ. ನಕ್ಷೆ ಹಿಡಿದು ಹಾರುವವರು ಗುರುತನ್ನು ನಕ್ಷೆಯಲ್ಲಿ ಮೊದಲು ನೋಡಿ, ಆಮೇಲೆ ನೆಲದಲ್ಲಿ ಹುಡುಕಬೇಕು. ನೆಲದಲ್ಲಿ ಕಂಡದ್ದನ್ನು ನಕ್ಷೆಗೆ ಹೊಂದಿಸಲು ಹೊರಟರೆ ಯಾವ ಕೆರೆಯೂ ಬೇಕಾದ ಕೆರೆಯಾಗಿಬಿಡುತ್ತದೆ. ದಾರಿ ತಪ್ಪುವ ಪೈಲಟ್‌ಗಳು ಸಾಮಾನ್ಯವಾಗಿ ಮಾಡುವ ತಪ್ಪು ಇದು.

ಪರವಾನಗಿಯ ಲೆಕ್ಕ

ಭಾರತದಲ್ಲಿ ಖಾಸಗಿ ಪೈಲಟ್ ಪರವಾನಗಿಗೆ ಕನಿಷ್ಠ 17 ವರ್ಷ ವಯಸ್ಸು, 40 ಗಂಟೆ ಹಾರಾಟ ಬೇಕು. ವಾಣಿಜ್ಯ ಪರವಾನಗಿಗೆ 18 ವರ್ಷ, 200 ಗಂಟೆ. ಅದರಲ್ಲಿ 100 ಗಂಟೆ ತಾನೇ ವಿಮಾನದ ಮುಖ್ಯಸ್ಥನಾಗಿ ಹಾರಿರಬೇಕು, 300 ನಾಟಿಕಲ್ ಮೈಲಿನ ಒಂದು ದೂರ ಹಾರಾಟದಲ್ಲಿ ಎರಡು ಬೇರೆ ನಿಲ್ದಾಣಗಳಲ್ಲಿ ಇಳಿದಿರಬೇಕು. ವಾಣಿಜ್ಯ ಪರವಾನಗಿಯ ಅವಧಿ ಮೊದಲು 5 ವರ್ಷವಿತ್ತು, 2023ರಲ್ಲಿ 10 ವರ್ಷವಾಯಿತು. ಪ್ರಯಾಣಿಕರನ್ನು ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನಗಳಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಮಾಡಿರಬೇಕೆಂಬ ನಿಯಮ ಬಹುತೇಕ ದೇಶಗಳಲ್ಲಿದೆ. ಅಮೆರಿಕದಲ್ಲಿ ಇದರ ಮೇಲೆ ಎರಡು ವರ್ಷಕ್ಕೊಮ್ಮೆ ಬೋಧಕರೊಡನೆ ಕನಿಷ್ಠ ಒಂದು ಗಂಟೆ ನೆಲದ ಪಾಠ, ಒಂದು ಗಂಟೆ ಹಾರಾಟದ ಮರುಪರಿಶೀಲನೆಯೂ ಕಡ್ಡಾಯ.

ಈ ನಿಯಮಗಳೆಲ್ಲ ಪೂರೈಸಿದವರನ್ನು ಪೈಲಟ್‌ಗಳು ‘ಕರೆಂಟ್’ ಎನ್ನುತ್ತಾರೆ. ಕರೆಂಟ್ ಆಗಿರುವುದು ಕಾನೂನಿನ ಮಾತು, ಪಳಗಿರುವುದು ಕೈಯ ಮಾತು. ಗಾಳಿ ಬೀಸದ ಬೆಳಗ್ಗೆ ಆರೂವರೆಗೆ, ಬಲ್ಲ ರನ್‌ವೇಯಲ್ಲಿ, ಕಾಲು ಗಂಟೆಯೊಳಗೆ ಮೂರು ಸಲ ಏರಿ ಇಳಿದವರೂ ಲಾಗ್‌ಬುಕ್‌ನ ದೃಷ್ಟಿಯಲ್ಲಿ ಕರೆಂಟ್. ಅವರೇ ಮರುದಿನ ಮಧ್ಯಾಹ್ನದ ಅಡ್ಡಗಾಳಿಯಲ್ಲಿ ಮೂವರನ್ನು ಕೂರಿಸಿಕೊಂಡು ಹೊರಟರೆ ಕಾನೂನು ತಡೆಯುವುದಿಲ್ಲ.

ಮೊದಲು ಮರೆಯುವುದು ಯಾವುದು

ಹಾರಾಟ ಬಿಟ್ಟವರಲ್ಲಿ ಯಾವ ಕೌಶಲ ಮೊದಲು ಕರಗುತ್ತದೆ ಎಂಬ ಪ್ರಶ್ನೆಗೆ ಬಂದಿರುವ ಉತ್ತರ ಸಾಮಾನ್ಯ ನಂಬಿಕೆಗೆ ವಿರುದ್ಧವಾಗಿದೆ. ಸ್ಟಿಕ್ ಹಿಡಿಯುವುದು, ರಡರ್ ಒತ್ತುವುದು, ವೇಗ ಕಾಯ್ದುಕೊಳ್ಳುವುದು ಮುಂತಾದ ಕೈಕಾಲಿನ ಕೆಲಸ ಸೈಕಲ್ ತುಳಿದಂತೆ ಬಹುಕಾಲ ಉಳಿಯುತ್ತದೆ. ಸ್ವಲ್ಪ ತುಕ್ಕು ಹಿಡಿದರೂ ಬೇಗ ಹೊಳಪು ಬರುತ್ತದೆ. ಬೇಗ ಅಳಿಯುವುದು ಕ್ರಮದ ನೆನಪು ಮತ್ತು ತಲೆಯ ಕೆಲಸ: ಯಾವುದರ ಮೇಲೆ ಯಾವುದು, ಗಾಳಿ ತಿರುಗಿದರೆ ಲೆಕ್ಕ ಹೇಗೆ, ಉಪಕರಣ ಕೆಟ್ಟರೆ ಮೊದಲ ಹೆಜ್ಜೆ ಯಾವುದು. ನಾಸಾದ ಏಮ್ಸ್ ಸಂಶೋಧನಾ ಕೇಂದ್ರದ ಸ್ಟೀಫನ್ ಕ್ಯಾಸ್ನರ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಬೋಯಿಂಗ್ 747ರ ಸಿಮ್ಯುಲೇಟರ್‌ನಲ್ಲಿ ಏರ್‌ಲೈನ್ ಪೈಲಟ್‌ಗಳನ್ನು ಕೂರಿಸಿ ಯಾಂತ್ರಿಕ ನೆರವನ್ನು ಒಂದೊಂದಾಗಿ ತೆಗೆದಾಗ, ಉಪಕರಣ ನೋಡಿ ಕೈಯಲ್ಲಿ ಹಾರಿಸುವ ಕೌಶಲ ಬಹುಮಟ್ಟಿಗೆ ಹಾಗೇ ಇತ್ತು. ತಾನೆಲ್ಲಿದ್ದೇನೆ ಎಂದು ಲೆಕ್ಕ ಇಡುವುದು, ಮುಂದಿನ ಹೆಜ್ಜೆ ಗೊತ್ತುಮಾಡುವುದು, ಕೆಟ್ಟದ್ದನ್ನು ಗುರುತಿಸುವುದು ಇವುಗಳಲ್ಲೇ ತೊಂದರೆ ಹೆಚ್ಚು ಕಂಡಿತು.

ಹಾಗಾದರೆ 90 ದಿನಕ್ಕೆ ಮೂರು ಲ್ಯಾಂಡಿಂಗ್ ಎಂಬ ನಿಯಮ ಅಳೆಯುತ್ತಿರುವುದು ಕೊನೆಗೆ ಮಾಸುವ ಕೌಶಲವನ್ನು. ಮೊದಲು ಮಾಸುವ ಅರಿವನ್ನು ಅಳೆಯುವ ಕೋಲು ಆ ನಿಯಮದಲ್ಲಿಲ್ಲ. ವಿಮಾನವನ್ನು ಚೆಂದವಾಗಿ ಇಳಿಸಿದೆ, ಆದ್ದರಿಂದ ನಾನು ಸರಿಯಿದ್ದೇನೆ ಎಂದು ಪೈಲಟ್ ತನಗೆ ತಾನೇ ಹೇಳಿಕೊಳ್ಳುವ ಸಮಾಧಾನ ಅಪಾಯಕಾರಿಯಾಗುವುದು ಇಲ್ಲಿಯೇ.

ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಅಮೆರಿಕದಂತೆ ವಾರಾಂತ್ಯಕ್ಕೆ ಸ್ವಂತ ವಿಮಾನ ಹಾರಿಸುವವರು ಇಲ್ಲಿ ಅಪರೂಪ. ಸಣ್ಣ ವಿಮಾನಗಳ ಬಹುಪಾಲು ಹಾರಾಟ ನಡೆಯುವುದು ತರಬೇತಿ ಶಾಲೆಗಳಲ್ಲಿ: ಧುಳೆ, ಶಿರಪುರ, ಬಾರಾಮತಿ, ಗೊಂದಿಯಾ, ನಮ್ಮ ಕಡೆ ಜಕ್ಕೂರು, ಬೆಳಗಾವಿಯ ಸಾಂಬ್ರಾ, ಕಲಬುರಗಿ. 200 ಗಂಟೆ ಮುಗಿಸಿದ ಹುಡುಗ ಹುಡುಗಿಯರು ಏರ್‌ಲೈನ್ ಕೆಲಸಕ್ಕಾಗಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಯುತ್ತಾರೆ. ಮನೆಯವರು ಜಮೀನು ಅಡವಿಟ್ಟು, ಸಾಲ ಮಾಡಿ ಕಟ್ಟಿದ ಹಣದಲ್ಲಿ ಬಂದ ಪರವಾನಗಿ ಅದು. ಒಂದು ಗಂಟೆಯ ಹಾರಾಟಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ರೂಪಾಯಿ ತೆರಬೇಕಾದಾಗ ಕಾಯುವ ಕಾಲದಲ್ಲಿ ಯಾರೂ ವಿಮಾನ ಮುಟ್ಟುವುದಿಲ್ಲ. ಅವರ ಪರವಾನಗಿ ಬೀರುವಿನಲ್ಲಿ ಭದ್ರವಾಗಿರುತ್ತದೆ, ಕಲಿತದ್ದು ಸದ್ದಿಲ್ಲದೆ ಸೋರುತ್ತಿರುತ್ತದೆ.

ಬಿಸಿಲು, ಎತ್ತರ, ರನ್‌ವೇಯ ತುದಿ

1993ರ ಏಪ್ರಿಲ್ 26ರ ಮಧ್ಯಾಹ್ನ ಇಂಡಿಯನ್ ಏರ್‌ಲೈನ್ಸ್‌ನ 491ನೇ ವಿಮಾನ, ಒಂದು ಬೋಯಿಂಗ್ 737, ಅಂದಿನ ಔರಂಗಾಬಾದಿನ ಚಿಕಲಠಾಣಾದಿಂದ ಮುಂಬೈಗೆ ಹೊರಟಿತು. ಒಳಗೆ 118 ಮಂದಿ. ರನ್‌ವೇಯ ತುದಿಯಾಚೆ ಬೀಡ್ ರಸ್ತೆ ಹಾದುಹೋಗುತ್ತಿತ್ತು. ಆ ಹೊತ್ತಿಗೆ ಹತ್ತಿಯ ಅಂಡಿಗೆಗಳನ್ನು ಹೇರಿಕೊಂಡ ಲಾರಿಯೊಂದು ಅಲ್ಲಿತ್ತು. ವಿಮಾನದ ಎಡ ಚಕ್ರ ಮತ್ತು ಎಡ ಎಂಜಿನ್ನಿನ ತಳಭಾಗ ನೆಲದಿಂದ ಏಳಡಿಯಷ್ಟು ಎತ್ತರದಲ್ಲಿ ಲಾರಿಗೆ ಬಡಿದವು. ಮುಂದೆ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ ವಿದ್ಯುತ್ ತಂತಿಗಳಿಗೆ ತಾಗಿ ವಿಮಾನ ನೆಲಕ್ಕಪ್ಪಳಿಸಿತು. 55 ಮಂದಿ ಸತ್ತರು. ಪೈಲಟ್‌ಗಳು ಮೂಗು ಎತ್ತುವುದನ್ನು ತಡವಾಗಿ ಆರಂಭಿಸಿದ್ದು ಮತ್ತು ಎತ್ತಿದ ರೀತಿ ತಪ್ಪಾಗಿದ್ದು ಒಂದು ಕಾರಣ, ಹಾರಾಟದ ಹೊತ್ತಿನಲ್ಲಿ ಬೀಡ್ ರಸ್ತೆಯ ವಾಹನಗಳನ್ನು ತಡೆಯದೆ ಇದ್ದದ್ದು ಇನ್ನೊಂದು ಕಾರಣ ಎಂದು ತನಿಖೆ ಹೇಳಿತು.

ಅದು ದೊಡ್ಡ ವಿಮಾನ. ಆದರೂ ಸಣ್ಣ ವಿಮಾನದ ಪೈಲಟ್‌ಗೆ ಆ ರನ್‌ವೇಯ ತುದಿಯಲ್ಲಿ ಕಲಿಯುವುದಿದೆ. ರನ್‌ವೇ ಮುಗಿದ ಮೇಲೆ ಏನಿದೆ ಎಂಬುದು ಹಾರುವ ಮುನ್ನವೇ ತಿಳಿದಿರಬೇಕು. ಟೇಕಾಫ್ ಎಂಬುದು ಥ್ರಾಟಲ್ ಒತ್ತಿ ಕಾಯುವ ಕೆಲಸವಲ್ಲ, ಪ್ರತಿ ನೂರು ಮೀಟರ್‌ಗೂ ತೀರ್ಮಾನ ಬೇಡುವ ಕೆಲಸ. ಸಣ್ಣ ವಿಮಾನದವರಲ್ಲಿ ಒಂದು ಹೆಬ್ಬೆರಳ ಲೆಕ್ಕವುಂಟು: ಅರ್ಧ ರನ್‌ವೇ ಕಳೆಯುವಷ್ಟರಲ್ಲಿ ನೆಲ ಬಿಡುವ ವೇಗದ ಶೇಕಡಾ 70ರಷ್ಟು ಬರದಿದ್ದರೆ ಥ್ರಾಟಲ್ ಎಳೆದು ನಿಲ್ಲಿಸಿಬಿಡಬೇಕು.

ಇದರ ಹಿಂದಿನ ಭೌತಶಾಸ್ತ್ರವನ್ನು ಚಿಕಲಠಾಣಾದ ಅಂಕಿಗಳಲ್ಲೇ ನೋಡಬಹುದು. ನಿಲ್ದಾಣ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 1,900 ಅಡಿ ಎತ್ತರದಲ್ಲಿದೆ. ಮಾದರಿ ವಾತಾವರಣದಲ್ಲಿ ಸಮುದ್ರಮಟ್ಟದ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್. ಸಾವಿರ ಅಡಿಗೆ ಎರಡು ಡಿಗ್ರಿಯಂತೆ ಇಳಿದರೆ 1,900 ಅಡಿಯಲ್ಲಿ 11 ಡಿಗ್ರಿ ಇರಬೇಕು. ಮೇ ತಿಂಗಳ ಮಧ್ಯಾಹ್ನ ಅಲ್ಲಿ 42 ಡಿಗ್ರಿ ಇದ್ದರೆ 31 ಡಿಗ್ರಿ ಹೆಚ್ಚಾಯಿತು. ಪ್ರತಿ ಹೆಚ್ಚಿನ ಡಿಗ್ರಿಗೆ 120 ಅಡಿ ಸೇರಿಸಿದರೆ ಒಟ್ಟು 5,600 ಅಡಿ. ರನ್‌ವೇ ಇರುವುದು 1,900 ಅಡಿಯಲ್ಲಾದರೂ ರೆಕ್ಕೆ, ಪ್ರೊಪೆಲ್ಲರ್, ಎಂಜಿನ್ ಮೂರಕ್ಕೂ ತಾವು 5,600 ಅಡಿಯಲ್ಲಿದ್ದಂತೆ. ಪೈಲಟ್‌ಗಳು ಇದನ್ನು ಡೆನ್ಸಿಟಿ ಆಲ್ಟಿಟ್ಯೂಡ್ ಎನ್ನುತ್ತಾರೆ. ಟರ್ಬೊ ಇಲ್ಲದ ಎಂಜಿನ್ ಸಾವಿರ ಅಡಿಗೆ ಸುಮಾರು ಶೇಕಡಾ 3ರಷ್ಟು ಬಲ ಕಳೆದುಕೊಳ್ಳುತ್ತದೆ. ಓಟ ಉದ್ದವಾಗುತ್ತದೆ, ಏರಿಕೆ ಮಂದವಾಗುತ್ತದೆ, ಏರ್‌ಸ್ಪೀಡ್ ಮುಳ್ಳು ಮಾತ್ರ ಎಂದಿನಂತೆ ತೋರಿಸುತ್ತದೆ. ಸುಮಾರು 3,000 ಅಡಿ ಎತ್ತರದ ಜಕ್ಕೂರಿನಲ್ಲಿ 35 ಡಿಗ್ರಿಯ ಬೇಸಿಗೆ ದಿನ ಇದೇ ಲೆಕ್ಕ ಮಾಡಿದರೆ 6,000 ಅಡಿ ಮೀರುತ್ತದೆ. ಬೆಂಗಳೂರಿನ ಹವೆ ತಂಪು ಎಂಬ ಮಾತು ವಿಮಾನದ ಎಂಜಿನ್‌ಗೆ ಅನ್ವಯಿಸುವುದಿಲ್ಲ. 2004ರ ಏಪ್ರಿಲ್ 17ರಂದು ಜಕ್ಕೂರಿನಿಂದ ಮೇಲೆದ್ದ ಸೆಸ್ನಾ 180 ಕೆಲವೇ ಕ್ಷಣಗಳಲ್ಲಿ ಹತ್ತಿರದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬಿದ್ದು ನಟಿ ಸೌಂದರ್ಯ ಸೇರಿ ನಾಲ್ವರೂ ತೀರಿಕೊಂಡರು. ಸಣ್ಣ ವಿಮಾನ ಎಂದ ಕೂಡಲೇ ಕನ್ನಡಿಗರ ಮನಸ್ಸಿಗೆ ಇಂದಿಗೂ ಮೊದಲು ಬರುವ ದಿನ ಅದು.

ಕೊನೆಯ ತಿರುವು

ಲ್ಯಾಂಡಿಂಗ್‌ಗೆ ಮುನ್ನ ವಿಮಾನ ರನ್‌ವೇಯ ಸುತ್ತ ಆಯತಾಕಾರದಲ್ಲಿ ಸುತ್ತುತ್ತದೆ, ಇದು ಸರ್ಕ್ಯೂಟ್. ಅದರ ಕೊನೆಯ ತಿರುವಿನಲ್ಲಿ, ರನ್‌ವೇಗೆ ಅಡ್ಡಲಾಗಿರುವ ಬೇಸ್ ಬದಿಯಿಂದ ರನ್‌ವೇಗೆ ನೇರವಾದ ಫೈನಲ್‌ಗೆ ಬರುವಾಗ, ಕೈ ಮತ್ತು ಅರಿವು ಎರಡೂ ಒಟ್ಟಿಗೆ ಪರೀಕ್ಷೆಗೆ ಒಳಗಾಗುತ್ತವೆ. ಸೆಸ್ನಾ 172ರ ಹೊಸ ಮಾದರಿ ಫ್ಲ್ಯಾಪ್ ಇಲ್ಲದೆ ನೇರ ಹಾರಾಟದಲ್ಲಿ ಸುಮಾರು 48 ನಾಟ್‌ಗೆ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುತ್ತದೆ. ಎತ್ತರ ಬಿಡದೆ 45 ಡಿಗ್ರಿ ವಾಲಿಸಿ ತಿರುಗಿಸಿದರೆ ಆ ವೇಗ 57 ನಾಟ್‌ಗೆ ಏರುತ್ತದೆ. 60 ಡಿಗ್ರಿ ವಾಲಿಸಿದರೆ ವಿಮಾನದ ತೂಕ ಎರಡರಷ್ಟಾದಂತಾಗಿ ಸ್ಟಾಲ್ ವೇಗ 68 ನಾಟ್. ಇಳಿಯಲು ಬರುತ್ತಿರುವ ವೇಗವೂ ಅಷ್ಟೇ! ಹಿಂಗಾಳಿ ತಳ್ಳಿ ತಿರುವು ತಡವಾದಾಗ ರನ್‌ವೇಯ ಗೆರೆ ದಾಟಿಹೋಗುತ್ತದೆ. ಪೈಲಟ್ ಇನ್ನಷ್ಟು ವಾಲಿಸುತ್ತಾನೆ, ಸಾಲದೆಂದು ರಡರ್ ಒತ್ತುತ್ತಾನೆ, ಮೂಗು ಕೆಳಗೆ ಹೋಯಿತೆಂದು ಸ್ಟಿಕ್ ಎಳೆಯುತ್ತಾನೆ. ಒಂದು ರೆಕ್ಕೆ ಮೊದಲು ಸೋಲುತ್ತದೆ, ವಿಮಾನ ಗಿರಕಿ ಹೊಡೆಯುತ್ತದೆ. ಐನೂರು ಅಡಿಯಲ್ಲಿ ಚೇತರಿಸಿಕೊಳ್ಳಲು ಜಾಗವಿಲ್ಲ.

ಇದಕ್ಕೆ ಮದ್ದು ಗೋ ಅರೌಂಡ್: ತಿರುವು ತಪ್ಪಿದರೆ ಪೂರ್ಣ ಥ್ರಾಟಲ್ ಕೊಟ್ಟು ಮತ್ತೊಂದು ಸುತ್ತು ಹಾಕುವುದು. ಇದನ್ನು ಸೋಲೆಂದು ಭಾವಿಸುವ ಪೈಲಟ್‌ಗಳು ಈಗಲೂ ಇದ್ದಾರೆ. ಮಂಗಳೂರಿನ ಬಜ್ಪೆಯಲ್ಲಿ 2010ರ ಮೇ 22ರಂದು 158 ಮಂದಿಯನ್ನು ಬಲಿ ತೆಗೆದುಕೊಂಡ ಅಪಘಾತದ ತನಿಖೆಯೂ, ಹದ ತಪ್ಪಿದ ಇಳಿಕೆಯನ್ನು ಕ್ಯಾಪ್ಟನ್ ಕೈಬಿಡದೆ ಮುಂದುವರಿಸಿದ್ದನ್ನೇ ನೇರ ಕಾರಣವೆಂದಿತು. ವಿಮಾನ ಚಿಕ್ಕದಿರಲಿ ದೊಡ್ಡದಿರಲಿ, ಹದ ತಪ್ಪಿದ ಇಳಿಕೆಯನ್ನು ಬಿಟ್ಟು ಮೇಲೇರುವುದು ಕಲಿತು ರೂಢಿಸಿಕೊಳ್ಳಬೇಕಾದ ಕೌಶಲ.

ಸ್ಪಿನ್ ಎಂಬ ಈ ಗಿರಕಿಯ ಭಯ ವಿಮಾನ ಕಟ್ಟುವವರಿಗೂ ಇದೆ. ಹಿಂದುಸ್ತಾನ್ ಏರೋನಾಟಿಕ್ಸ್‌ನ ಎಚ್‌ಟಿಟಿ–40 ತರಬೇತಿ ವಿಮಾನ 2016ರ ಮೇ 31ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ಮೇಲೆ ಅದರ ಸ್ಪಿನ್ ಪರೀಕ್ಷೆಗಳೇ ವರ್ಷಗಳನ್ನು ತೆಗೆದುಕೊಂಡವು. ವಾಯುಪಡೆ 70 ವಿಮಾನಗಳಿಗೆ 2023ರಲ್ಲಿ ಒಪ್ಪಂದ ಮಾಡಿಕೊಂಡಿತು. ಇದರ ಎರಡನೆಯ ತಯಾರಿಕಾ ಸಾಲು ನಾಸಿಕ್‌ನಲ್ಲಿದೆ. ಕಲಿಯುವವನು ತಪ್ಪು ಮಾಡಿಯೇ ಮಾಡುತ್ತಾನೆ ಎಂದು ತಿಳಿದು ಕಟ್ಟಿದ ವಿಮಾನವೇ ಒಳ್ಳೆಯ ತರಬೇತಿ ವಿಮಾನ. ಇದೇ ಬೆಂಗಳೂರಿನಲ್ಲಿ ವಿ. ಎಂ. ಘಾಟಗೆ ಅವರು ವಿನ್ಯಾಸಗೊಳಿಸಿದ ಎಚ್‌ಟಿ–2 (1951) ಮತ್ತು ಪುಷ್ಪಕ್ (1958) ದಶಕಗಳ ಕಾಲ ದೇಶದ ಪೈಲಟ್‌ಗಳನ್ನು ಬೆಳೆಸಿದವು.

ಮೋಡದೊಳಗೆ

ಉಪಕರಣ ನೋಡಿ ಹಾರುವ ತರಬೇತಿ ಇಲ್ಲದ ಪೈಲಟ್ ಮೋಡದೊಳಗೆ ನುಗ್ಗಿದರೆ ಎಷ್ಟು ಹೊತ್ತು ವಿಮಾನ ಹಿಡಿದಿಡಬಲ್ಲ? ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1954ರಲ್ಲಿ ಇದನ್ನು ಪರೀಕ್ಷಿಸಿದರು. ಹೊರಗಿನದೇನೂ ಕಾಣದಂತೆ ಮಾಡಿ 20 ಮಂದಿಗೆ ವಿಮಾನ ಕೊಟ್ಟರು. ಇಪ್ಪತ್ತರಲ್ಲಿ ಇಪ್ಪತ್ತೂ ಹಿಡಿತ ಕಳೆದುಕೊಂಡರು. ಸರಾಸರಿ 178 ಸೆಕೆಂಡ್, ಮೂರು ನಿಮಿಷಕ್ಕೂ ಕಡಿಮೆ. ಹತ್ತೊಂಬತ್ತು ಮಂದಿಯ ವಿಮಾನ ಸುರುಳಿ ಸುತ್ತುತ್ತಾ ಕೆಳಗಿಳಿಯಿತು.

ಕಾರಣ ಕಿವಿಯೊಳಗಿದೆ. ಒಳಗಿವಿಯ ಅರ್ಧವೃತ್ತಾಕಾರದ ನಾಳಗಳು ತಿರುಗುವಿಕೆಯ ಬದಲಾವಣೆಯನ್ನು ಗುರುತಿಸುತ್ತವೆ. ತಿರುವು ಒಂದೇ ಸಮ ಹತ್ತಿಪ್ಪತ್ತು ಸೆಕೆಂಡ್ ನಡೆದರೆ ಅವು ಸುಮ್ಮನಾಗುತ್ತವೆ. ವಾಲಿದ ವಿಮಾನದಲ್ಲಿ ಕುಳಿತವನಿಗೆ ನೇರ ಕುಳಿತಂತೆ ಭಾಸವಾಗುತ್ತದೆ. ಆಗ ವಿಮಾನವನ್ನು ನೇರ ಮಾಡಿದರೆ ಇನ್ನೊಂದು ಕಡೆಗೆ ತಿರುಗುತ್ತಿರುವಂತೆ ದೇಹ ಕೂಗುತ್ತದೆ. ದೇಹದ ಮಾತು ಕೇಳಿದವನು ಕೆಟ್ಟ. ಬೆಂಗಳೂರಿನಲ್ಲಿ 1957ರಿಂದ ಇರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಈ ಭ್ರಮೆಯನ್ನು ನೆಲದ ಮೇಲೇ ಅನುಭವಕ್ಕೆ ತರುವ ಸಿಮ್ಯುಲೇಟರ್ ಇದೆ. ಒಮ್ಮೆ ಅದರಲ್ಲಿ ಕುಳಿತೆದ್ದವರಿಗೆ ತಮ್ಮ ಕಿವಿಯನ್ನು ನಂಬಬಾರದೆಂದು ಪುಸ್ತಕ ಹೇಳಿಕೊಡಬೇಕಾಗಿಲ್ಲ.

ಇಲಿನಾಯ್‌ನ ಸಂಶೋಧಕರು ಪಾರಾಗುವ ದಾರಿಯನ್ನೂ ಕಲಿಸಿದರು: ವೇಗ ಇಳಿಸು, ನಿಧಾನವಾಗಿ ತಿರುಗಿ ಬಂದ ದಾರಿಯಲ್ಲೇ ಹಿಂದಿರುಗು. ಸಿನ್ನರ್ ದಾಟಿದ ಮೇಲೆ ಘಟ್ಟದ ಕಡೆ ಮೋಡ ಕಟ್ಟುತ್ತಿದ್ದರೆ, ಇಗತ್‌ಪುರಿಯವರೆಗೆ ಹೋಗಿ ನೋಡೋಣ ಎನ್ನುವುದಕ್ಕಿಂತ ಹಿಂದೆ ತಿಳಿಯಾಗಿರುವಾಗಲೇ ತಿರುಗಬೇಕು. ಕಂಡು ಹಾರುವ ನಿಯಮದಲ್ಲಿ ಕನಿಷ್ಠ ಐದು ಕಿಲೋಮೀಟರ್ ದೂರ ಕಾಣಿಸಬೇಕು. ಅದಕ್ಕಿಂತ ಹೆಚ್ಚಿನ ಗಡಿಯನ್ನು ಪೈಲಟ್ ತನಗೆ ತಾನೇ ಹಾಕಿಕೊಂಡು, ಮನೆಯಿಂದ ಹೊರಡುವ ಮುನ್ನ ಕಾಗದದ ಮೇಲೆ ಬರೆದಿಡುವುದು ಒಳ್ಳೆಯದು. ಗಾಳಿಯಲ್ಲಿರುವಾಗ ಗಡಿ ಗೊತ್ತುಮಾಡಲು ಹೊರಟರೆ ಆಸೆಯೇ ಗೆಲ್ಲುತ್ತದೆ.

ನೋಡುವ ಕಲೆ

ಮತ್ತೊಂದು ವಿಮಾನವನ್ನು ಕಂಡ ಕ್ಷಣದಿಂದ, ಅದು ಎದುರಾಗುತ್ತಿದೆಯೆಂದು ತಿಳಿದು, ತೀರ್ಮಾನಿಸಿ, ಕೈ ಆಡಿಸಿ, ವಿಮಾನ ದಿಕ್ಕು ಬದಲಿಸುವವರೆಗೆ 12.5 ಸೆಕೆಂಡ್ ಬೇಕೆಂದು ಅಮೆರಿಕದ ವಾಯುಯಾನ ಇಲಾಖೆಯ ಕೈಪಿಡಿ ಲೆಕ್ಕ ಕೊಡುತ್ತದೆ. ಡಿಕ್ಕಿಯ ದಾರಿಯಲ್ಲಿರುವ ವಿಮಾನ ಗಾಜಿನ ಮೇಲೆ ಅಲುಗಾಡದ ಚುಕ್ಕೆಯಂತೆ ನಿಂತಿರುತ್ತದೆ. ಕಣ್ಣು ಸೆಳೆಯುವುದು ಅಲುಗಾಡುವುದನ್ನು ಮಾತ್ರ. ಅದಕ್ಕೇ ಆಕಾಶವನ್ನು ಹತ್ತು ಹತ್ತು ಡಿಗ್ರಿಯ ತುಂಡುಗಳಾಗಿಸಿ, ಪ್ರತಿಯೊಂದರ ಮೇಲೂ ಕಣ್ಣನ್ನು ಕ್ಷಣ ನಿಲ್ಲಿಸಿ ನೋಡುವ ಅಭ್ಯಾಸ ಹೇಳಿಕೊಡುತ್ತಾರೆ. ಸುಮ್ಮನೆ ತಲೆ ತಿರುಗಿಸಿ ನೋಡಿದರೆ ಏನೂ ಕಂಡಂತಲ್ಲ.

ಓಝರ್‌ನ ಆಗ್ನೇಯಕ್ಕೆ, ನಿಫಾಡ್ ತಾಲ್ಲೂಕಿನಲ್ಲಿ, ನಾಂದೂರ್ ಮಧ್ಯಮೇಶ್ವರ ಪಕ್ಷಿಧಾಮವಿದೆ. 2020ರಲ್ಲಿ ಅದು ಮಹಾರಾಷ್ಟ್ರದ ಮೊದಲ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ, ಆಯಿತು. ಚಳಿಗಾಲದಲ್ಲಿ ಅಲ್ಲಿಗೆ ವಲಸೆ ಹಕ್ಕಿಗಳು ಸಾವಿರಗಟ್ಟಲೆ ಬರುತ್ತವೆ. ಹಕ್ಕಿಗಳು ಬೆಳಗ್ಗೆ, ಸಂಜೆ ಏಳುವ ಹೊತ್ತೇ ತರಬೇತಿ ಹಾರಾಟಕ್ಕೂ ಪ್ರಶಸ್ತ ಹೊತ್ತು. ನಿಫಾಡ್ ರಾಜ್ಯದ ಅತಿ ಚಳಿಯ ಊರುಗಳಲ್ಲಿ ಒಂದು ಕೂಡ. ತಂಪು, ತೇವದ ಮುಂಜಾವಿನಲ್ಲಿ ಕಾರ್ಬ್ಯುರೇಟರ್ ಒಳಗೆ ಹಿಮ ಕಟ್ಟಿ ಎಂಜಿನ್ ಬಿಕ್ಕಳಿಸಬಹುದು. ಅದಕ್ಕೆ ಬಿಸಿಗಾಳಿ ಹರಿಸುವ ಕಾರ್ಬ್ ಹೀಟ್ ಎಳೆಯಲು ಮರೆತವರಿಗೆ ಇದು ನೆನಪಾಗುವುದು ತಡವಾಗಿ.

ಹೊಸ ತಲೆಮಾರಿನ ವಿಮಾನಗಳಲ್ಲಿ ಗಾರ್ಮಿನ್‌ನಂಥ ಪರದೆಗಳು ನಕ್ಷೆ, ಗುಡ್ಡ, ಹವೆ ಎಲ್ಲವನ್ನೂ ಬಣ್ಣದಲ್ಲಿ ತೋರಿಸುತ್ತವೆ. ಅವು ನಿಜಕ್ಕೂ ಜೀವ ಉಳಿಸಿವೆ. ಆದರೆ ಪರದೆಯೊಳಗೆ ತಲೆ ಹುದುಗಿಸಿದ ವಿದ್ಯಾರ್ಥಿಗೆ ಕಿಟಕಿಯಾಚೆಯ ವಿಮಾನ ಕಾಣುವುದಿಲ್ಲ. ಆಗಾಗ ಪರದೆ ಮುಚ್ಚಿ, ಈಗ ಎಲ್ಲಿದ್ದೀಯ, ಎಂಜಿನ್ ನಿಂತರೆ ಯಾವ ಹೊಲದಲ್ಲಿ ಇಳಿಸುತ್ತೀಯ ಎಂದು ಕೇಳುವ ಬೋಧಕರೇ ಒಳ್ಳೆಯ ಬೋಧಕರು. ಸೆಸ್ನಾ 172 ಸಾವಿರ ಅಡಿ ಎತ್ತರದಿಂದ ಎಂಜಿನ್ ಇಲ್ಲದೆ ಸುಮಾರು ಎರಡೂಮುಕ್ಕಾಲು ಕಿಲೋಮೀಟರ್ ತೇಲುತ್ತದೆ. ಆ ವೃತ್ತದೊಳಗೆ ಯಾವ ಹೊಲ ಬೋಳು, ಎಲ್ಲಿ ದ್ರಾಕ್ಷಿ ಚಪ್ಪರದ ಕಂಬ ತಂತಿಗಳಿವೆ ಎಂಬ ಉತ್ತರ ಸದಾ ನಾಲಿಗೆಯ ತುದಿಯಲ್ಲಿರಬೇಕು. 2023ರ ಮೇ 30ರಂದು ಬೆಳಗಾವಿಯ ಹತ್ತಿರ ತರಬೇತಿ ವಿಮಾನವೊಂದು ಹೊನ್ನಿಹಾಳದ ಹೊಲದಲ್ಲಿ ತುರ್ತಾಗಿ ಇಳಿದಾಗ ಒಳಗಿದ್ದ ಇಬ್ಬರೂ ಬದುಕಿದರು.

ಎಲ್ಲ ಇಳಿಕೆಯೂ ಹೀಗೆ ಮುಗಿಯುವುದಿಲ್ಲ. 2021ರ ಜುಲೈ 16ರಂದು ಶಿರಪುರದ ತರಬೇತಿ ವಿಮಾನ ಜಳಗಾಂವ್ ಜಿಲ್ಲೆಯ ಸಾತ್ಪುಡಾ ತಪ್ಪಲಲ್ಲಿ ಬಿದ್ದು ಬೋಧಕರು ತೀರಿಕೊಂಡರು, ವಿದ್ಯಾರ್ಥಿನಿ ಗಾಯಗೊಂಡರು. 2023ರ ಮಾರ್ಚ್ 18ರಂದು ಗೊಂದಿಯಾದಿಂದ ಹೊರಟ ವಿಮಾನ ಬಾಲಾಘಾಟ್‌ನ ಕಾಡುಗುಡ್ಡದಲ್ಲಿ ಬಿದ್ದು ಬೋಧಕ, ವಿದ್ಯಾರ್ಥಿನಿ ಇಬ್ಬರೂ ಸತ್ತರು. ಅದೇ ವರ್ಷ ಅಕ್ಟೋಬರ್ 19 ಮತ್ತು 22ರಂದು ಬಾರಾಮತಿಯ ಬಳಿ ಎರಡು ತರಬೇತಿ ವಿಮಾನಗಳು ಬಿದ್ದವು. ಇಂಥವುಗಳ ತನಿಖೆಗೆ 2012ರಲ್ಲಿ ವಿಮಾನ ಅಪಘಾತ ತನಿಖಾ ಬ್ಯೂರೊ ಸ್ಥಾಪನೆಯಾಯಿತು. ಅದರ ವರದಿಗಳು ಸಾರ್ವಜನಿಕರಿಗೆ ತೆರೆದಿವೆ. ಯಾವ ಪಠ್ಯಪುಸ್ತಕಕ್ಕಿಂತಲೂ ಅವು ಹೆಚ್ಚು ಕಲಿಸುತ್ತವೆ.

ಗಾಂಧಿನಗರದ ಶಾಲೆ

ಸೇನೆಯ ವಾಯುಯಾನ ದಳ 1986ರ ನವೆಂಬರ್ 1ರಂದು ಪ್ರತ್ಯೇಕ ದಳವಾಯಿತು. ಅದರ ಬೇರು ಇನ್ನೂ ಹಿಂದಿನದು: ಫಿರಂಗಿ ಗುಂಡು ಎಲ್ಲಿ ಬೀಳುತ್ತಿದೆಯೆಂದು ಆಸ್ಟರ್‌ನಂಥ ಪುಟ್ಟ ವಿಮಾನಗಳಲ್ಲಿ ಹಾರಿ ನೋಡಿ ಹೇಳುತ್ತಿದ್ದ ಏರ್ ಅಬ್ಸರ್ವೇಶನ್ ಪೋಸ್ಟ್‌ಗಳು. ಅಂದರೆ ಈ ದಳ ಹುಟ್ಟಿದ್ದೇ ನೋಡುವ ಕೆಲಸಕ್ಕೆ. ನಾಸಿಕ್ ರೋಡ್‌ನ ಗಾಂಧಿನಗರದಲ್ಲಿ 2003ರಲ್ಲಿ ಸ್ಥಾಪನೆಯಾದ ಯುದ್ಧ ವಾಯುಯಾನ ತರಬೇತಿ ಶಾಲೆ ಚೀತಾ, ಚೇತಕ್ ಹೆಲಿಕಾಪ್ಟರ್‌ಗಳಲ್ಲಿ ಪೈಲಟ್‌ಗಳನ್ನೂ ಬೋಧಕರನ್ನೂ ತಯಾರು ಮಾಡುತ್ತದೆ. ಈ ಎರಡೂ ಹೆಲಿಕಾಪ್ಟರ್‌ಗಳು ಫ್ರಾನ್ಸಿನ ಪರವಾನಗಿಯಲ್ಲಿ ಬೆಂಗಳೂರಿನಲ್ಲಿ ಕಟ್ಟಿದವು. 2022ರ ಮೇ 25ರಂದು ಕ್ಯಾಪ್ಟನ್ ಅಭಿಲಾಷಾ ಬರಾಕ್ ಇಲ್ಲಿ ತರಬೇತಿ ಮುಗಿಸಿ ಸೇನೆಯ ಮೊದಲ ಮಹಿಳಾ ಯುದ್ಧ ಹೆಲಿಕಾಪ್ಟರ್ ಪೈಲಟ್ ಆದರು.

ಸೇನೆಯ ಕ್ರಮದಿಂದ ನಾಗರಿಕ ಶಾಲೆಗಳು ಕಲಿಯಬೇಕಾದ ಮುಖ್ಯ ವಿಷಯ, ಬೋಧಿಸುವುದನ್ನೂ ಒಂದು ವಿದ್ಯೆಯೆಂದು ಬೇರೆಯಾಗಿ ಕಲಿಸುವುದು. ನಾಗರಿಕ ಶಾಲೆಗಳಲ್ಲಿ ನೆನ್ನೆ ಪರವಾನಗಿ ಪಡೆದವರು ಗಂಟೆ ಕೂಡಿಸಿಕೊಳ್ಳಲು ನಾಳೆ ಬೋಧಕರಾಗುವುದುಂಟು. ದಿನಕ್ಕೆ ಐದಾರು ವಿದ್ಯಾರ್ಥಿಗಳೊಡನೆ ಅದೇ ಸರ್ಕ್ಯೂಟ್ ಸುತ್ತುವ ಬೋಧಕರ ಲಾಗ್‌ಬುಕ್ ದಪ್ಪವಾಗುತ್ತದೆ. ಆದರೆ ಅವರು ಸ್ವತಃ ಹಾರಿಸುವುದು ಕಡಿಮೆ, ಹಾರಿಸುವವರನ್ನು ನೋಡುವುದೇ ಹೆಚ್ಚು. ಬೋಧಕರ ಪ್ರಾವೀಣ್ಯವನ್ನು ಗಂಟೆಗಳಿಂದ ಅಳೆಯುವುದು ತಪ್ಪು.

ಅಭ್ಯಾಸಕ್ಕೆ ಹಣ ಸುರಿಯಲೇಬೇಕೆಂದಿಲ್ಲ. ಮನೆಯ ಕುರ್ಚಿಯಲ್ಲಿ ಕುಳಿತು, ಕಣ್ಣು ಮುಚ್ಚಿ, ಎಂಜಿನ್ ನಿಂತಾಗಿನ ಕ್ರಮವನ್ನು ಕೈಯಾಡಿಸುತ್ತಾ ಬಾಯಿಪಾಠದಂತೆ ಒಪ್ಪಿಸುವುದು ಹಳೆಯ ಪದ್ಧತಿ; ಬೇಗ ಮಾಸುವ ಕ್ರಮದ ನೆನಪಿಗೆ ಇದಕ್ಕಿಂತ ಅಗ್ಗದ ಔಷಧ ಇಲ್ಲ. ಹಾರಾಟ ಸಿಕ್ಕಾಗ ಬಲ್ಲದ್ದನ್ನೇ ಮತ್ತೆ ಮಾಡದೆ ಅಡ್ಡಗಾಳಿ, ಗೋ ಅರೌಂಡ್, ಫ್ಲ್ಯಾಪ್ ಇಲ್ಲದ ಇಳಿಕೆ, ಸ್ಟಾಲ್ ಇವುಗಳಲ್ಲಿ ಒಂದನ್ನಾದರೂ ಸೇರಿಸಬೇಕು. ನಿದ್ದೆಗೆಟ್ಟ ದಿನ, ಜ್ವರದ ಮಾತ್ರೆ ನುಂಗಿದ ದಿನ, ಮನಸ್ಸು ಕೆಟ್ಟ ದಿನ ಹಾರದಿರುವುದೂ ಪ್ರಾವೀಣ್ಯವೇ. ಮದ್ಯದ ವಿಷಯದಲ್ಲಿ ಭಾರತದ ನಿಯಮ ಹಾರಾಟಕ್ಕೆ ಮುನ್ನ 12 ಗಂಟೆಗಳ ಅಂತರ ಕೇಳುತ್ತದೆ.

ಪಳಗಿದ ಕೈಯನ್ನು ಬಹುಕಾಲ ಉಳಿಸಿಕೊಂಡವರೂ ಇದ್ದಾರೆ. ಭಾರತದ ಮೊದಲ ಪೈಲಟ್ ಪರವಾನಗಿ 1929ರ ಫೆಬ್ರವರಿ 10ರಂದು ಬಾಂಬೆ ಫ್ಲೈಯಿಂಗ್ ಕ್ಲಬ್‌ನಲ್ಲಿ ಕಲಿತ ಜೆ. ಆರ್. ಡಿ. ಟಾಟಾ ಅವರಿಗೆ ಬಂತು. 1932ರ ಅಕ್ಟೋಬರ್ 15ರಂದು ಅವರು ಕರಾಚಿಯಿಂದ ಮುಂಬೈಗೆ ಒಂಟಿ ಎಂಜಿನ್ನಿನ ಪುಸ್ ಮಾತ್‌ನಲ್ಲಿ ಅಂಚೆ ತಂದರು; ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ನಮ್ಮ ಬಳ್ಳಾರಿಯ ಮೂಲಕ ಮದ್ರಾಸಿಗೆ ಒಯ್ದರು. ಐವತ್ತು ವರ್ಷಗಳ ನಂತರ ಅದೇ ದಿನ, 78ರ ವಯಸ್ಸಿನಲ್ಲಿ, ಟಾಟಾ ಅದೇ ದಾರಿಯನ್ನು ಲೆಪರ್ಡ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಮತ್ತೆ ಹಾರಿ ಮುಂಬೈಯಲ್ಲಿ ಇಳಿದರು.

ತರಬೇತಿ ಶಾಲೆಗಳು ಕೆಲಸಕ್ಕೆ ಕಾಯುತ್ತಿರುವ ತಮ್ಮ ಹಳೆಯ ವಿದ್ಯಾರ್ಥಿಗಳಿಗೆ ತಿಂಗಳಿಗೊಂದು ದಿನ ಸಿಮ್ಯುಲೇಟರ್‌ನ ಬಾಗಿಲು ತೆರೆದಿಡಲಿ. ಕಾಯುತ್ತಿರುವವರು ಆ ದಿನವನ್ನು ತಪ್ಪಿಸದಿರಲಿ.